ಹದಿನೇಳನೇ ‘ಇಲ್ಲ’

ಗೋವಾದ ವಾಸ್ಕೋ ಹತ್ತಿರದ ಜುವಾರಿನಗರದಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಇತ್ತು. ಡಾಕ್ಟರಿಗೆ ಕೊಂಕಣಿ, ಹಿಂದಿ ಬರುತ್ತದೆ. ಬಂದ ತಾಯಂದಿರು ಜಾಸ್ತಿ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯವರು. ನಡುವೆ ಮಾತಾಡಲು ನನ್ನನ್ನು ಕೂರಿಸಿದ್ದರು.

ಮೂರು ವರ್ಷದ ಹುಡುಗನೊಬ್ಬನ ರಟ್ಟೆಗೆ ಡಾಕ್ಟರು ಅಳತೆ ಪಟ್ಟಿ ಸುತ್ತಿದರು. 12.1 ಸೆಂಟಿಮೀಟರ್, ಹಳದಿ. ಅಂದರೆ ಪೋಷಣೆ ಸಾಲದೆ ಸೊರಗಿದ್ದಾನೆ. 12.5 ದಾಟಿದ್ದರೆ ಹಸಿರು, 11.5ಕ್ಕಿಂತ ಇಳಿದರೆ ಕೆಂಪು. ಆಮೇಲೆ ಮನೆ ಕಡೆಯ ವಿಷಯ ಕೇಳುವ ಹಾಳೆ. ಊಟ, ಬಾಡಿಗೆ, ಶಾಲೆ, ಕೆಲಸ. ಊಟದ ಪ್ರಶ್ನೆ ಅಮೆರಿಕದಿಂದ ಬಂದದ್ದು. ಮಕ್ಕಳ ತಪಾಸಣೆಯಲ್ಲಿ ಇದನ್ನೂ ಕೇಳಿ ಅಂತ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ಹೇಳಿತ್ತು. ನಾನು ಇದ್ದ ಹಾಗೇ ಕೇಳಿದೆ: “ಹೋದ 12 ತಿಂಗಳಲ್ಲಿ, ದುಡ್ಡು ಬರುವ ಮೊದಲೇ ಊಟದ ಸಾಮಾನು ಮುಗಿಯುತ್ತೆ ಅಂತ ಚಿಂತೆ ಆಗಿತ್ತಾ?”

“ಇಲ್ರೀ ಅಕ್ಕಾ, ಎಲ್ಲಾ ಆರಾಮ ಐತಿ.”

ಅವತ್ತಿನ ಹದಿನೇಳನೇ ‘ಇಲ್ಲ’ ಅದು. ಪೆನ್ನು ಹಿಡಿದು ಕೂತವರ ಮುಂದೆ, ಮನೆಯಲ್ಲಿ ಉಣ್ಣಲು ಇಲ್ಲ ಅಂತ ಯಾರು ಹೇಳುತ್ತಾರೆ? ನಮ್ಮಮ್ಮನೂ ಹೇಳುತ್ತಿರಲಿಲ್ಲ.

ಪೆನ್ನು ಕೆಳಗಿಟ್ಟೆ. ಸುಮ್ನೆ ಕೇಳಿದೆ. “ಈ ಸಲ ಊರಿಂದ ಜ್ವಾಳ ತಂದಿದ್ರೇನು?”

“ತಂದಿದ್ವಿರೀ. ಮಳಿ ಹಿಡಿಯೂದ್ರಾಗ ತೀರಿತು.”

“ಆಮ್ಯಾಲೆ?”

“ಮಳಿಗಾಲದಾಗ ಇವ್ರಿಗೆ ಸೆಂಟ್ರಿಂಗ್ ಕೆಲಸ ಎಲ್ಲಿ ಸಿಗತೈತ್ರಿ? ಚಾ, ಪಾವ್. ಹುಡುಗ್ರು ಅದನ್ನ ತಿಂದು ಮಲಗತಾವು.”

ಡಾಕ್ಟರು ರೇಷನ್ ಕಾರ್ಡ್ ಇದೆಯಾ ಕೇಳಿ ಅಂದರು. ಇತ್ತು, ಊರಲ್ಲಿ. ‘ಒಂದು ದೇಶ ಒಂದು ರೇಷನ್ ಕಾರ್ಡ್’ ಬಂದಿದೆ, ಊರಿನ ಕಾರ್ಡಿನ ಮೇಲೆ ಗೋವಾದಲ್ಲೂ ತಿಂಗಳಿಗೆ ತಲೆಗೆ 5 ಕಿಲೋ ತಗೋಬಹುದು ಅಂತ ನಾನು ದೊಡ್ಡ ಗುಟ್ಟು ಬಿಚ್ಚಿದವಳ ಹಾಗೆ ವಿವರಿಸಿದೆ. ಆಕೆ ನಕ್ಕಳು.

“ಗೊತ್ತೈತ್ರಿ. ನಮ್ಮ ಪಾಲು ಇಲ್ಲಿ ತಗೊಂಡ್ರ ಊರಾಗ ನಮ್ಮತ್ತಿ ಏನ ಉಣ್ಣಬೇಕು?”

ಇದನ್ನು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. ಡಾಕ್ಟರು ಅಂಚಿನಲ್ಲಿ ಏನೋ ಗೀಚಿಕೊಂಡರು. ಅಂಗನವಾಡಿಗೆ ಹೆಸರು ಹಚ್ಚಲು ಚೀಟಿ ಕೊಟ್ಟು, ಹದಿನೈದು ದಿನ ಬಿಟ್ಟು ಕರೆದುಕೊಂಡು ಬನ್ನಿ ಅಂದರು. ಆಕೆ ಎದ್ದಳು. ಹುಡುಗನನ್ನು ಸೊಂಟಕ್ಕೆ ಏರಿಸಿಕೊಂಡದ್ದು ಮಾತ್ರ ಅವನ ಅಕ್ಕ. ಒಂಬತ್ತು ವರ್ಷವಿರಬಹುದು. ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದಳು. ಅವತ್ತು ಮಂಗಳವಾರ, ಹನ್ನೊಂದು ಗಂಟೆ. “ಅಕೀ ಸಾಲಿಗೆ…” ಅಂತ ನಾನು ಕರೆಯುವಷ್ಟರಲ್ಲಿ ಮುಂದಿನವರು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.