ಕೊಳದ ಕಾಟ್ಲಾ, ಮಿದುಳಿನ ಅಪ್ಪಣೆ
ತೌಡು, ಹಿಂಡಿ ತಿಂದು ಕೊಳದಲ್ಲಿ ಬೆಳೆದ ಕಾಟ್ಲಾ, ರೋಹು ಮೀನುಗಳು ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡರೂ ಸಾಮಾನ್ಯವಾಗಿ ಅಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಮಳೆಗಾಲದ ಹೊಳೆಯ ಸೂಚನೆ ಸಿಗದಿದ್ದರೆ, ಮೊಟ್ಟೆಗಳನ್ನು ಕೊನೆಯ ಹಂತಕ್ಕೆ ಮಾಗಿಸುವ ಎಲ್‌ಎಚ್ ಹಾರ್ಮೋನನ್ನು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಸಾಕಷ್ಟು ಬಿಡುಗಡೆ ಮಾಡುವುದಿಲ್ಲ. ಅದಕ್ಕೆ ಅಪ್ಪಣೆ ಕೊಡುವುದು ಕೇವಲ 10 ಅಮೈನೊ ಆಮ್ಲಗಳ ನ್ಯೂರೋಪೆಪ್ಟೈಡ್ (ನರಕೋಶಗಳು ಸಂದೇಶ ಕಳಿಸಲು ಬಳಸುವ ಪುಟ್ಟ ಪ್ರೋಟೀನ್ ತುಣುಕು) ಆದ ಜಿಎನ್‌ಆರ್‌ಎಚ್, ತಡೆಹಿಡಿಯುವುದು ಮಿದುಳಿನ ಇನ್ನೊಂದು ಸಂದೇಶವಾಹಕ ರಾಸಾಯನಿಕವಾದ ಡೋಪಮೈನ್. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿಯ ಸಾರವನ್ನೇ ಚುಚ್ಚಿ ಇಂತಹ ಮೀನುಗಳಿಂದ ಮೊಟ್ಟೆಯಿಡಿಸಿದರು. ಈಗಿನ ಚುಚ್ಚುಮದ್ದುಗಳಲ್ಲಿ ಜಿಎನ್‌ಆರ್‌ಎಚ್‌ನ ಕೃತಕ ರೂಪದ ಜೊತೆಗೆ, ಡೋಪಮೈನನ್ನು ತಡೆಯುವ ಡೊಂಪೆರಿಡೋನ್ (ಹೌದು, ನಾವು ವಾಂತಿಗೆ ನುಂಗುವ ಅದೇ ಔಷಧ) ಇರುವುದುಂಟು. ಇದಕ್ಕಿಂತಲೂ ಗೋಲ್ಡ್‌ಫಿಶ್‌ನ ಎನ್‌ಪಿವೈ (ನ್ಯೂರೋಪೆಪ್ಟೈಡ್ ವೈ) ನನ್ನನ್ನು ಹೆಚ್ಚು ಸೆಳೆಯುತ್ತದೆ: ಉಪವಾಸದಲ್ಲಿ ಮಿದುಳಿನಲ್ಲಿ ಪ್ರಮಾಣ ಏರಿ, ಮೀನನ್ನು ಮೇವಿನತ್ತ ದೂಡುವ ಈ ಪೆಪ್ಟೈಡೇ ಎಲ್‌ಎಚ್ ಬಿಡುಗಡೆಯನ್ನೂ ಪ್ರಚೋದಿಸಬಲ್ಲದು.