ಈ ಸಲ ನೆಲವೇ ಡೊಂಕಾಗಿತ್ತು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೇಮ್ ಆಡುವವರ ನಡುವೆ ಈ ಗಾದೆಗೆ ಬಿಡುವೇ ಇಲ್ಲ. ಸೋತ ಕೂಡಲೇ ಒಬ್ಬ "ಲ್ಯಾಗ್ ಆಯ್ತು ಮಗಾ" ಅನ್ನುತ್ತಾನೆ, ಇನ್ನೊಬ್ಬ "ಬಟನ್ ಒತ್ತಿದೆ, ತಗೊಳ್ಳಲಿಲ್ಲ" ಅನ್ನುತ್ತಾನೆ. ನಾನು ಆ ಪೈಕಿ ಅಲ್ಲ ಅನ್ನುವುದು ನನ್ನ ಹೆಮ್ಮೆ. ಅದಕ್ಕೇ ಎಲ್ಡನ್ ರಿಂಗ್ ಅನ್ನುವ ವಿಡಿಯೋ ಗೇಮ್‌ನ ಮಾರ್ಗಿಟ್ ಮೂರು ವಾರ ನನ್ನನ್ನು ಚಚ್ಚಿ ಹಾಕಿದರೂ ಕಂಟ್ರೋಲರ್ ಮೇಲೆ ಒಂದು ಮಾತು ಆಡಲಿಲ್ಲ.

2022ರಲ್ಲಿ ಬಂದ ಆಟ, ನಾನು ಶುರು ಮಾಡಿದ್ದು ತಡವಾಗಿ. ಮಾರ್ಗಿಟ್ ಅಂದರೆ ದೊಡ್ಡ ಕೋಟೆಗೆ ಹೋಗುವ ದಾರಿಯಲ್ಲಿ ಅಡ್ಡ ನಿಲ್ಲುವ ಕೊಂಬಿನ ಮುದುಕ. ಅವನ ಹತ್ತಿರ ಒಂದು ಕುತಂತ್ರ ಇದೆ. ಕೋಲು ಎತ್ತುತ್ತಾನೆ, ಹೊಡೆಯುವುದಿಲ್ಲ. ಸುಮ್ನೆ ಎತ್ತಿ ಹಿಡಿದಿರುತ್ತಾನೆ. ನಮಗೆ ತಡೆಯಲಾಗದೆ, ಏಟು ತಪ್ಪಿಸಿಕೊಳ್ಳಲು ಉರುಳುತ್ತೇವೆ. ಉರುಳಿ ಏಳುವ ಹೊತ್ತಿಗೆ ಸರಿಯಾಗಿ ಕೋಲು ಇಳಿಯುತ್ತದೆ. ಗಾಬರಿಗೇ ಶಿಕ್ಷೆ ಕೊಡುವ ಡಿಸೈನ್ ಇದು. ಇಂಥ ಆಟಗಳಿಗೆ ಈಸಿ ಮೋಡ್ ಬೇಕೋ ಬೇಡವೋ ಅಂತ ಗೇಮರ್‌ಗಳು ವರ್ಷಗಟ್ಟಲೆ ಕಿತ್ತಾಡಿದ್ದಾರೆ. ನನಗೆ ಎರಡೂ ಕಡೆಯವರು ಸರಿ ಅನಿಸುತ್ತದೆ, ಆ ಜಗಳ ಇಲ್ಲಿ ಬೇಡ. ಇಷ್ಟು ಮಾತ್ರ ಹೇಳಬಲ್ಲೆ: ಆಟ ಜಿಪುಣ, ಆದರೆ ಮೋಸಗಾರ ಅಲ್ಲ. ಸತ್ತರೆ ಬಾಸ್, ಅಂದರೆ ಈ ದೊಡ್ಡ ಶತ್ರು, ಇರುವ ಜಾಗದ ಪಕ್ಕದಲ್ಲೇ ಎಬ್ಬಿಸಿ ನಿಲ್ಲಿಸುತ್ತದೆ. ಇದೇ ಕಂಪನಿಯ ಹಳೆಯ ಆಟಗಳಲ್ಲಿ ಸತ್ತ ಮೇಲೆ ಅರ್ಧ ಊರು ಓಡಿ ಬರಬೇಕಿತ್ತು.

ನನ್ನ ಅಭ್ಯಾಸ, ಕೋಲು ಮೇಲೆದ್ದಾಗ ಒಂದು ಹೆಜ್ಜೆ ಹಿಂದಕ್ಕೆ ಜಿಗಿಯುವುದು. ಹೆಬ್ಬೆರಳಿನಿಂದ ದಿಕ್ಕು ತೋರಿಸುವ ಸ್ಟಿಕ್ ಮುಟ್ಟದೆ, ಏಟು ತಪ್ಪಿಸಿಕೊಳ್ಳುವ ಡಾಡ್ಜ್ ಬಟನ್ ಒತ್ತಿದರೆ ಹಿಂದಕ್ಕೆ ಜಿಗಿತ, ಸ್ಟಿಕ್ ಯಾವ ಕಡೆಗಾದರೂ ತಿರುಗಿದ್ದರೆ ಆ ಕಡೆಗೆ ಉರುಳಾಟ. ಆಟದೊಳಗಿನ ನನ್ನವನು ಹತ್ತರಲ್ಲಿ ನಾಲ್ಕು ಸಲ ಹಿಂದಕ್ಕೆ ಹೋಗದೆ ಎಡಕ್ಕೆ ಉರುಳುತ್ತಿದ್ದ. ಎರಡು ಸಲ ಅಂಚಿನಿಂದ ಉರುಳಿ ಪ್ರಪಾತಕ್ಕೇ ಹೋದ. ಹೆದರಿಕೆಗೆ ಹೆಬ್ಬೆರಳು ಅಲ್ಲಾಡಿರಬೇಕು ಅಂದುಕೊಂಡೆ. ನಲವತ್ತು ದಾಟಿತಲ್ಲ, ಕೈ ಮೊದಲಿನ ಹಾಗಿಲ್ಲ ಅಂತ ಮನಸ್ಸಿಗೂ ಬಂತು. ಯಾರಿಗೂ ಹೇಳಲಿಲ್ಲ.

ಒಂದು ಶುಕ್ರವಾರ ರಾತ್ರಿ ಅಕ್ಕನ ಮಗ ಮನೆಗೆ ಬಂದಿದ್ದ. ಇನ್ನೊಮ್ಮೆ ಸತ್ತು, ಕಂಟ್ರೋಲರ್ ಸೋಫಾ ಮೇಲೆ ಬಿಸಾಕಿ ನೀರು ಕುಡಿಯಲು ಎದ್ದೆ. ಹಿಂದಿನಿಂದ ಕೂಗಿದ: "ಮಾವ, ನಿಮ್ಮವನು ಒಬ್ಬನೇ ವಾಕಿಂಗ್ ಹೋಗ್ತಿದಾನೆ!"

ನಿಜವಾಗಿಯೂ ಹೋಗುತ್ತಿದ್ದ. ಯಾರೂ ಮುಟ್ಟದೆ, ಸಂಜೆ ತರಕಾರಿ ತರಲು ಹೊರಟವನ ಹಾಗೆ ನಿಧಾನಕ್ಕೆ ಎಡಕ್ಕೆ.

ಹುಡುಗ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲರ್ ಟೆಸ್ಟ್ ಮಾಡುವ ಪುಟ ತೆಗೆದ. ಸ್ಟಿಕ್ ಸುಮ್ಮನಿದ್ದಾಗ ಸೊನ್ನೆ ಅಥವಾ ಅದರ ಆಸುಪಾಸು ಬರಬೇಕು, ಪೂರ್ತಿ ಎಡಕ್ಕೆ ತಳ್ಳಿದರೆ ಮೈನಸ್ ಒಂದು. ಮೆಲ್ಲಗೆ ಆಡಿಸಿದಾಗ ಸರಿಯಾಗೇ ಇತ್ತು. ಎಡಕ್ಕೆ ಜೋರಾಗಿ ತಳ್ಳಿ ಬಿಟ್ಟರೆ ಮೈನಸ್ 0.31ಕ್ಕೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಅಂದರೆ ಕಾಯಿಲೆ ಕಾಣಿಸಿಕೊಳ್ಳುತ್ತಿದ್ದದ್ದು ಹೊಡೆದಾಟದ ಹೊತ್ತಿನಲ್ಲಿ ಮಾತ್ರ. ಕುದುರೆ ಹತ್ತಿ ಹುಲ್ಲುಗಾವಲಲ್ಲಿ ಅಲೆಯುವಾಗ ಗೊತ್ತಾಗುವುದಾದರೂ ಹೇಗೆ?

ಸ್ಟಿಕ್ ಯಾವತ್ತೂ ಪಕ್ಕಾ ಮಧ್ಯಕ್ಕೆ ವಾಪಸ್ ಬರುವುದಿಲ್ಲ. ಅದಕ್ಕೇ ನಡುವೆ ಒಂದಿಷ್ಟು ಜಾಗವನ್ನು ಆಟದವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೆಡ್ ಝೋನ್ ಅಂದರೆ ಇದೇ. ವಿಂಡೋಸ್‌ನ ಕಂಟ್ರೋಲರ್ ವ್ಯವಸ್ಥೆಯಲ್ಲಿ ಎಡ ಸ್ಟಿಕ್‌ಗೆ ಮೈಕ್ರೋಸಾಫ್ಟ್ ಸೂಚಿಸಿರುವ ಅಂಕಿ, 32,767ರಲ್ಲಿ 7,849. ಹೆಚ್ಚುಕಮ್ಮಿ ಕಾಲು ಭಾಗ! ಅಷ್ಟು ದೊಡ್ಡ ಕ್ಷಮೆಯನ್ನೂ ದಾಟಿತ್ತು ನನ್ನ ಸ್ಟಿಕ್. ಆಟ ನಡೆಸುವ ಸ್ಟೀಮ್ ಆ್ಯಪ್‌ನಲ್ಲಿ ಡೆಡ್ ಝೋನ್ ಹಿಗ್ಗಿಸಿ ನೋಡಿದೆವು. ಉರುಳುವುದು ನಿಂತಿತು, ಆದರೆ ಮೆತ್ತಗೆ ಹೆಜ್ಜೆ ಹಾಕುವುದೂ ಹೋಯಿತು. ಒಂದೋ ನಿಲ್ಲುತ್ತಾನೆ, ಇಲ್ಲ ಓಡುತ್ತಾನೆ. ಮಲಗಿದ ಶತ್ರುವಿನ ಹಿಂದೆ ಕಳ್ಳಹೆಜ್ಜೆ ಇಡುವ ಸುಖವೇ ಇಲ್ಲ.

ಕಂಟ್ರೋಲರ್ ಮಾರಿದವರಿಗೆ ಫೋನ್ ಮಾಡಿದೆ. ವಾರಂಟಿ ಮುಗಿದು ಎರಡು ತಿಂಗಳಾಗಿದೆ ಸರ್, ಹೊಸದು ತಗೊಳ್ಳಿ ಅಂದರು. ಶನಿವಾರ ಬೆಳಿಗ್ಗೆ ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನ ಕಡೆ ನಡೆದೆ.

ಮೆಟ್ಟಿಲ ಕೆಳಗಿನ ಅಂಗಡಿ, ಇಬ್ಬರು ನಿಂತರೆ ಮೂರನೆಯವನಿಗೆ ಜಾಗ ಇಲ್ಲ. ರಿಪೇರಿಯವರು ನನ್ನ ಕಥೆ ಅರ್ಧ ಕೇಳಿ "ಡ್ರಿಫ್ಟು" ಅಂದು, ಅಂದರೆ ಸ್ಟಿಕ್ ತಾನಾಗಿ ಸರಿಯುವ ಕಾಯಿಲೆ ಅಂದು, ಸ್ಕ್ರೂ ಬಿಚ್ಚತೊಡಗಿದರು. ಸ್ಟಿಕ್ಕಿನ ಪಕ್ಕದ ಹಸಿರು ಮುಚ್ಚಳ ಎಬ್ಬಿಸಿ ಭೂತಗನ್ನಡಿ ನನ್ನ ಕಡೆ ತಿರುಗಿಸಿದರು. ಉಗುರಿನಷ್ಟು ಅಗಲದಲ್ಲಿ ಕಪ್ಪು ಕಾರ್ಬನ್ ಪಟ್ಟಿ. ಅದರ ಮೇಲೆ ಸಣ್ಣ ಲೋಹದ ನಾಲಿಗೆ ಓಡಾಡುತ್ತದೆ. ನಾಲಿಗೆ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ, ಅದನ್ನೇ ಆಟ ದಿಕ್ಕು ಅಂತ ಓದುತ್ತದೆ. ಪಟ್ಟಿಯ ನಡುವೆ ಎತ್ತಿನಗಾಡಿ ದಾರಿಯ ಹಾಗೆ ಸವೆದು ಬಿಳಿಚಿಕೊಂಡಿತ್ತು.

"ಹಳೇ ರೇಡಿಯೋ ವಾಲ್ಯೂಮ್ ನೆನಪಿದೆಯಾ ಸರ್? ಅದೇ ಇದು."

ನೆನಪಿಲ್ಲದೆ ಏನು! ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಅಜ್ಜ ಪ್ರದೇಶ ಸಮಾಚಾರಕ್ಕೆ ಮುಂಚೆ ಗುಬುಟನ್ನು ನಾಲ್ಕು ಸಲ ಆ ಕಡೆ ಈ ಕಡೆ ತಿರುಗಿಸಿ, ಸದ್ದು ಸರಿಹೋದ ಜಾಗದಲ್ಲಿ ಕೈ ತೆಗೆದು, ಯಾರೂ ಮುಟ್ಟಬೇಡಿ ಅನ್ನುತ್ತಿದ್ದರು. ಆ ಪೊಟೆನ್ಷಿಯೋಮೀಟರ್ ಈಗ ಸಾವಿರಾರು ರೂಪಾಯಿಯ ಕಂಟ್ರೋಲರ್ ಒಳಗೆ ಕೂತಿದೆ. ಮಜಾ ಅಂದರೆ 1998ರಲ್ಲೇ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಅನ್ನುವ ಗೇಮ್ ಯಂತ್ರದ ಕಂಟ್ರೋಲರ್‌ನಲ್ಲಿ ಹಾಲ್ ಎಫೆಕ್ಟ್ ಸೆನ್ಸರ್ ಇತ್ತು. ಅದರಲ್ಲಿ ಅಯಸ್ಕಾಂತ ಎಷ್ಟು ಸರಿಯಿತು ಅಂತ ದೂರದಿಂದಲೇ ಅಳೆಯುವುದು, ಉಜ್ಜುವ ಮಾತೇ ಇಲ್ಲ. ಉಜ್ಜದೆ ಸವೆಯುವುದೂ ಇಲ್ಲ. ಕಾಲು ಶತಮಾನದ ಹಿಂದೆ ಮಾರಿದ್ದ ವಸ್ತುವನ್ನು ನಾನು ಮೆಟ್ಟಿಲ ಕೆಳಗೆ ಕೇಳಿ ಹಾಕಿಸಿಕೊಳ್ಳಬೇಕು, ಅಲ್ವಾ?

ಹಾಕಿಸಿಕೊಂಡೆ. ಒಂದು ಸ್ಟಿಕ್ಕಿಗೆ ಹದಿನಾಲ್ಕು ಬೆಸುಗೆ. ಅವರು ಒಂದೊಂದನ್ನೇ ಕಾಯಿಸಿ ಹೀರಿ ತೆಗೆಯುವುದನ್ನು ಮುಕ್ಕಾಲು ಗಂಟೆ ನಿಂತು ನೋಡಿದೆ. ಎರಡೂ ಸ್ಟಿಕ್ ಸೇರಿ 1,200 ರೂಪಾಯಿ. ಸ್ಪ್ರಿಂಗ್ ಸ್ವಲ್ಪ ಬಿಗಿ ಇರುತ್ತೆ, ವಾರ ಆಡಿದರೆ ಒಗ್ಗುತ್ತೆ ಅಂದರು.

ಮನೆಗೆ ಬಂದು ಮೊದಲು ಟೆಸ್ಟ್ ಪುಟ. ಎಡಕ್ಕೆ ತಳ್ಳಿ ಬಿಟ್ಟೆ: 0.01. ಬಲಕ್ಕೆ, ಮೇಲಕ್ಕೆ, ಎಲ್ಲ ಕಡೆಯೂ ಹಾಗೇ. ಹುಡುಗ ಪಕ್ಕದಲ್ಲಿ ಚಕ್ಕುಲಿ ಹಿಡಿದು ಕೂತ. ಮಾರ್ಗಿಟ್ ಬಂದ, ಕೋಲು ಎತ್ತಿದ, ಹಿಡಿದೇ ನಿಂತ. ನಾನು ಕಾದೆ. ಬಟನ್ ಒತ್ತಿದೆ.

ನನ್ನವನು ಬಲಕ್ಕೆ ಉರುಳಿದ.

ಮತ್ತೆ ಆಡಿದೆ, ಮತ್ತೆ ಬಲಕ್ಕೇ. ಸ್ಟಿಕ್ ಮೇಲಿದ್ದ ಹೆಬ್ಬೆರಳು ನೋಡಿಕೊಂಡೆ. ಮೂರು ವಾರ ಎಡಕ್ಕೆ ಎಳೆಯುವ ಸ್ಟಿಕ್ಕನ್ನು ನನಗೇ ಗೊತ್ತಿಲ್ಲದೆ ಬಲಕ್ಕೆ ಒತ್ತಿ ಹಿಡಿದು ರೂಢಿಯಾಗಿಬಿಟ್ಟಿದೆ. ಈಗ ಎಳೆತ ಇಲ್ಲ, ಒತ್ತುವುದು ಮಾತ್ರ ಉಳಿದಿದೆ.

"ಈಗ ನೆಲ ನೆಟ್ಟಗಿದೆ ಮಾವ" ಅಂದ ಹುಡುಗ, ಚಕ್ಕುಲಿ ಮುರಿಯುತ್ತಾ.

"ಗೊತ್ತು, ಸುಮ್ನಿರು" ಅಂದೆ. ಹೆಬ್ಬೆರಳನ್ನು ಸ್ಟಿಕ್ ಮೇಲಿಂದ ಪೂರ್ತಿ ಎತ್ತಿ ಗಾಳಿಯಲ್ಲಿ ಹಿಡಿದುಕೊಂಡು ಮತ್ತೊಮ್ಮೆ ಒಳಗೆ ಹೋದೆ.