ಮೊದಲು ಮ್ಯಾಗಜಿನ್, ಆಮೇಲೆ ಚೇಂಬರ್: ಹೊಸ ಪಿಸ್ತೂಲು ಬಿಚ್ಚಿ ಒರೆಸುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಕೋವಿ ಹೊಸ ವಸ್ತುವಲ್ಲ. ಗದ್ದೆಗೆ ಹಂದಿ, ತೋಟಕ್ಕೆ ಮಂಗ ನುಗ್ಗುವ ಸೀಮೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಎಷ್ಟೋ ಮನೆಗಳಲ್ಲಿದೆ. ನಳಿಗೆಗೆ ಗಜ ಹಾಕಿ ಉಜ್ಜುವುದು, ಮಸಿ ತೊಳೆಯುವುದು ಹಿರಿಯರಿಗೆ ರೂಢಿಯ ಕೆಲಸ. ಅದೇ ಮನೆಯ ಹುಡುಗರು, ಹುಡುಗಿಯರು ಇಲ್ಲಿ ಟೆಕ್ಸಾಸ್ ಕರಾವಳಿಯಲ್ಲಿ ಗ್ರೀನ್ ಕಾರ್ಡ್ ಬಂದ ಮೇಲೆ ಕಾಂಪ್ಯಾಕ್ಟ್ ಪಿಸ್ತೂಲು ಕೊಂಡರೆ ಊರಿನಿಂದ ಫೋನಿನಲ್ಲಿ ಬರುವ ಸಲಹೆಯೂ ಕೋವಿಯದೇ ಆಗಿರುತ್ತದೆ: "ಬಿಸಿನೀರು ಹೊಯ್ದು ತೊಳಿ, ಒಣಗಿದ ಮೇಲೆ ತೆಂಗಿನೆಣ್ಣೆ ಹಚ್ಚು ತಮಾ." ಇವೆರಡೂ ಪಿಸ್ತೂಲಿಗೆ ಒಗ್ಗುವುದಿಲ್ಲ. ಏಕೆ ಎಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕಿಂತ ದೊಡ್ಡ ಮಾತು ಬಿಚ್ಚುವ ಕ್ರಮದ್ದು. ಕೋವಿಯನ್ನು ಮಡಚಿದರೆ ತೋಟೆ ಇದೆಯೋ ಇಲ್ಲವೋ ಎಂಬುದು ಕಣ್ಣೆದುರಿಗೇ ಕಾಣುತ್ತದೆ. ಪಿಸ್ತೂಲಿನಲ್ಲಿ ಅದು ಸ್ಲೈಡಿನೊಳಗೆ, ಅಂದರೆ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಲೋಹದ ಕವಚದೊಳಗೆ, ಅಡಗಿ ಕೂತಿರುತ್ತದೆ.

ಉದಾಹರಣೆಗೆ ಗ್ಲಾಕ್ 19 ಇಟ್ಟುಕೊಳ್ಳೋಣ. 1988ರಲ್ಲಿ ಬಂದ ಮಾದರಿ, 9 ಎಂಎಂ, ಮ್ಯಾಗಜಿನ್ನಿನಲ್ಲಿ (ಹಿಡಿಕೆಯೊಳಗೆ ಕೂರುವ ತೋಟೆಯ ಡಬ್ಬಿ) 15 ತೋಟೆ, ನಳಿಗೆಯ ಉದ್ದ 102 ಮಿಲಿಮೀಟರ್. ಕಾಂಪ್ಯಾಕ್ಟ್ ಅಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಇದೇ ಗಾತ್ರ. (ಊರಲ್ಲಿ ಇದು ಸಿಗುವುದಿಲ್ಲ. ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್, ಅಂದರೆ ಕಾನೂನು ಬಿಡದ ಅಳತೆ, ಸಾಮಾನ್ಯ ಲೈಸೆನ್ಸಿನವರ ಕೈಯಲ್ಲಿರುವುದು .32 ಇಂಚಿನದು.) ಒರೆಸಲು ಬಿಚ್ಚಿದಾಗ ಸಿಗುವುದು ನಾಲ್ಕೇ ಭಾಗ: ಸ್ಲೈಡ್, ನಳಿಗೆ, ಸ್ಲೈಡನ್ನು ಮುಂದಕ್ಕೆ ತಳ್ಳುವ ರೀಕಾಯಿಲ್ ಸ್ಪ್ರಿಂಗ್, ಹಿಡಿಕೆಯಿರುವ ಫ್ರೇಮ್. ಅದಕ್ಕಿಂತ ಹೆಚ್ಚು ಬಿಚ್ಚುವುದು ತರಬೇತಿ ಪಡೆದ ರಿಪೇರಿಯವರ ಕೆಲಸ. ಮೇಲಿನ ಪಿನ್ನುಗಳನ್ನು ತಟ್ಟಿ ತೆಗೆಯಲು ಹೋಗಬೇಡಿ.

ಮೊದಲು ಜಾಗ. ಮನೆಯಲ್ಲಿರುವ ತೋಟೆಗಳೆಲ್ಲ ಬೇರೆ ಕೋಣೆಯಲ್ಲಿರಲಿ, ಮೇಜಿನ ಮೇಲೆ ಒಂದೂ ಬೇಡ. ನಳಿಗೆಯ ಬಾಯಿ ಯಾವ ಕಡೆಗಿರಬೇಕು ಎಂಬುದನ್ನು ಪಿಸ್ತೂಲು ಕೈಗೆತ್ತಿಕೊಳ್ಳುವ ಮುಂಚೆಯೇ ತೀರ್ಮಾನಿಸಿ. ನಮ್ಮೂರಿನ ಚಿರೆಕಲ್ಲಿನ ಗೋಡೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಇಲ್ಲಿಯ ಮನೆಗಳ ಒಳಗೋಡೆ ಅಂದರೆ ಮರದ ಚೌಕಟ್ಟಿಗೆ ಎರಡೂ ಬದಿಯಿಂದ ಹೊಡೆದ ಜಿಪ್ಸಮ್ ಹಲಗೆ, 9 ಎಂಎಂ ಗುಂಡು ಅಂಥ ಗೋಡೆಗಳನ್ನು ಒಂದರ ಹಿಂದೊಂದು ದಾಟಿ ಹೋಗುತ್ತದೆ. ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೆ ಗೋಡೆ ಇದ್ದೂ ಇಲ್ಲದ ಹಾಗೆ. ಹಾಗಾಗಿ ಸುಮಾರು 19 ಲೀಟರಿನ ದೊಡ್ಡ ಬಕೆಟ್ಟಿಗೆ ಒಣ ಮರಳು ತುಂಬಿ ಪಕ್ಕದಲ್ಲಿಟ್ಟುಕೊಂಡು, ಬಾಯಿಯನ್ನು ಅದರ ಕಡೆಗೇ ಹಿಡಿದು ಕೆಲಸ ಮಾಡುವುದು ಒಳ್ಳೆಯ ಪದ್ಧತಿ.

ಇನ್ನು ಕ್ರಮ. ಬೆರಳು ಟ್ರಿಗರಿನ ಹೊರಗೆ. ಗುಂಡಿ ಒತ್ತಿ ಮ್ಯಾಗಜಿನ್ ತೆಗೆಯಿರಿ, ದೂರ ಇಡಿ. ಆಮೇಲೆ ಸ್ಲೈಡನ್ನು ಹಿಂದಕ್ಕೆ ಪೂರ್ತಿ ಎಳೆದು ತಡೆಗೆ ನಿಲ್ಲಿಸಿ. ಇದು ಹಿಂದುಮುಂದಾದರೆ ಏನಾಗುತ್ತದೆ ನೋಡಿ: ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದರೆ ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡು) ಇದ್ದ ತೋಟೆ ಹೊರಗೆ ಹಾರುತ್ತದೆ, ಖಾಲಿಯಾಯಿತು ಎಂದು ಮನಸ್ಸಿಗೆ ನೆಮ್ಮದಿ. ಆದರೆ ಸ್ಲೈಡ್ ಮುಂದೆ ಬರುವಾಗ ಮ್ಯಾಗಜಿನ್ನಿನ ಮೇಲಿನ ತೋಟೆಯನ್ನು ತಳ್ಳಿಕೊಂಡು ಬಂದು ಚೇಂಬರಿಗೆ ಕೂರಿಸಿಬಿಟ್ಟಿರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದರೂ ಒಳಗೆ ಒಂದು ಜೀವಂತ ತೋಟೆ ಉಳಿಯಿತು. ಗ್ಲಾಕ್ ಮಾದರಿಯಲ್ಲಿ ಬಿಚ್ಚುವ ಮುಂಚೆ ಟ್ರಿಗರ್ ಎಳೆಯಲೇಬೇಕು. ಒರೆಸಲು ಕೂತವರ ಕೈಯಿಂದ ಗುಂಡು ಹಾರುವುದು ಹೀಗೆ. ಪಿಸ್ತೂಲು ಕೆಟ್ಟದ್ದಲ್ಲ, ಎರಡು ಕೆಲಸ ಅದಲುಬದಲಾಯಿತು ಅಷ್ಟೇ.

ಸ್ಲೈಡ್ ಎಳೆಯುವಾಗ ಹಾರಿಬರುವ ತೋಟೆಯನ್ನು ಅಂಗೈ ಮುಚ್ಚಿ ಹಿಡಿಯಲು ನೋಡಬೇಡಿ. ಅಂಗೈ ಅಡ್ಡ ಬಂದರೆ ತೋಟೆ ತಿರುಗಿ, ಅದರ ಪ್ರೈಮರಿಗೆ (ತಳದ ನಡುವೆ, ಪೆಟ್ಟು ಬಿದ್ದೊಡನೆ ಕಿಡಿ ಹೊತ್ತುವ ಬಿಲ್ಲೆ) ತೋಟೆಯನ್ನು ಹೊರತಳ್ಳುವ ಎಜೆಕ್ಟರಿನ ಚೂಪು ತಾಗಿ ಕೈಯಲ್ಲೇ ಸಿಡಿಯುವ ಸಂಭವವಿದೆ. ನೆಲಕ್ಕೆ ಬೀಳಲಿ, ಆಮೇಲೆ ಹೆಕ್ಕಿಕೊಂಡರಾಯಿತು.

ಸ್ಲೈಡ್ ಹಿಂದೆ ನಿಂತ ಮೇಲೆ ಬೆಳಕಿಗೆ ಹಿಡಿದು ಮೂರು ಜಾಗ ನೋಡಿ: ನಳಿಗೆಯ ಹಿಂಬದಿಯ ಚೇಂಬರ್, ಸ್ಲೈಡಿನೊಳಗೆ ತೋಟೆಯ ತಳ ಒರಗುವ ಮುಖ, ಕೆಳಗೆ ಮ್ಯಾಗಜಿನ್ ಕೂರುವ ಬಾವಿ. ಕಣ್ಣಿಗೆ ಕಂಡದ್ದು ಸಾಲದು, ಕಿರುಬೆರಳಿನ ತುದಿಯನ್ನು ಚೇಂಬರಿನ ಬಾಯಿಗೆ ಹಾಕಿ. ಖಾಲಿ ಇದ್ದರೆ ಬೆರಳು ಉಂಗುರದೊಳಗೆ ಹೊಕ್ಕ ಹಾಗೆ ಒಳಗಿಳಿಯುತ್ತದೆ, ಸುತ್ತಲೂ ಲೋಹದ ಅಂಚು ತಾಗುತ್ತದೆ. ತೋಟೆ ಇದ್ದರೆ ಬೆರಳು ಒಳಗೆ ಹೋಗದೆ ಚಪ್ಪಟೆ ತಳಕ್ಕೆ ತಾಗಿ ನಿಲ್ಲುತ್ತದೆ, ಆ ತಳದ ನಡುವೆ ಪ್ರೈಮರಿನ ಪುಟ್ಟ ವೃತ್ತದ ಅಂಚೂ ಸಿಗುತ್ತದೆ. ಒಮ್ಮೆ ನೋಡಿ, ಬೇರೆ ಕಡೆ ಕಣ್ಣು ಹಾಯಿಸಿ, ಮತ್ತೊಮ್ಮೆ ನೋಡಿ, ಮುಟ್ಟಿ. ನಡುವೆ ಫೋನ್ ಬಂತು, ಎದ್ದು ಹೋದಿರಿ ಎಂದರೆ ವಾಪಸು ಬಂದ ಮೇಲೆ ಮೊದಲಿನಿಂದ ಶುರು.

ಈಗ ಸ್ಲೈಡನ್ನು ಮುಂದಕ್ಕೆ ಬಿಡಿ, ಬಾಯಿ ಮರಳಿನ ಕಡೆಗೇ ಇರಲಿ, ಟ್ರಿಗರ್ ಎಳೆಯಿರಿ. ಕ್ಲಿಕ್ ಅನ್ನುತ್ತದೆ, ಟ್ರಿಗರ್ ಹಿಂದೆಯೇ ನಿಲ್ಲುತ್ತದೆ. ನಾಲ್ಕು ಬೆರಳು ಸ್ಲೈಡಿನ ಮೇಲೆ, ಹೆಬ್ಬೆರಳು ಹಿಡಿಕೆಯ ಹಿಂದೆ ಹಾಕಿ ಹಿಸುಕಿದ ಹಾಗೆ ಸ್ಲೈಡನ್ನು 3 ಮಿಲಿಮೀಟರ್ ಮಾತ್ರ ಹಿಂದಕ್ಕೆ ತನ್ನಿ. ಇನ್ನೊಂದು ಕೈಯಿಂದ, ಟ್ರಿಗರಿನ ಮೇಲ್ಗಡೆ ಎರಡೂ ಬದಿಗೆ ಚೂರೇ ಹೊರಚಾಚಿದ ಪಟ್ಟಿಯ ತುದಿಗಳನ್ನು ಒಟ್ಟಿಗೇ ಕೆಳಕ್ಕೆ ಎಳೆದು ಹಿಡಿದು, ಸ್ಲೈಡನ್ನು ಮುಂದಕ್ಕೆ ಸರಿಸಿ. ಹಳಿಯಿಂದ ಕಳಚಿ ಬರುತ್ತದೆ.

ಹೊಸಬರು ಸೋಲುವುದು ಈ 3 ಮಿಲಿಮೀಟರಿನಲ್ಲಿ. ಹೊಸ ಸ್ಪ್ರಿಂಗ್ ಬಿಗಿಯಿರುತ್ತದೆ, ಜೋರು ಮಾಡಿದರೆ ಸ್ಲೈಡ್ ಅಗತ್ಯಕ್ಕಿಂತ ಹಿಂದೆ ಬರುತ್ತದೆ. ಆಗ ಟ್ರಿಗರ್ ಮತ್ತೆ ಮುಂದಕ್ಕೆ ಜಿಗಿಯುತ್ತದೆ, ಸ್ಲೈಡ್ ಏನು ಮಾಡಿದರೂ ಕಳಚುವುದಿಲ್ಲ. ಹಾಗಾದಾಗ ಸುತ್ತಿಗೆ, ಸ್ಕ್ರೂಡ್ರೈವರ್ ಹುಡುಕಬೇಡಿ. ಮತ್ತೆ ಚೇಂಬರ್ ನೋಡಿ, ಮತ್ತೆ ಟ್ರಿಗರ್ ಎಳೆದು, ಕಡಿಮೆ ಎಳೆಯಿರಿ. ಪಟ್ಟಿಯ ಒಂದೇ ತುದಿ ಕೆಳಗಿಳಿದಿದ್ದರೂ ಇದೇ ಗತಿ.

ಎಲ್ಲ ಪಿಸ್ತೂಲೂ ಹೀಗಲ್ಲ. 2018ರಲ್ಲಿ ಬಂದ, ಇದಕ್ಕಿಂತ ಚಿಕ್ಕ ಸಿಗ್ ಪಿ365 ಬಿಚ್ಚಲು ಟ್ರಿಗರ್ ಮುಟ್ಟಬೇಕಾಗಿಲ್ಲ. ಸ್ಲೈಡನ್ನು ಹಿಂದೆ ನಿಲ್ಲಿಸಿ ಬದಿಯ ಸನ್ನೆಯನ್ನು ತಿರುಗಿಸಿದರೆ ಸಾಕು. ನಮ್ಮ ಅಭಿಪ್ರಾಯದಲ್ಲಿ ಹೊಸಬರಿಗೆ ಆ ಬಗೆಯದೇ ವಾಸಿ, ತಪ್ಪಿಗೆ ಒಂದು ದಾರಿ ಕಡಿಮೆ. ಆದರೂ ಚೇಂಬರ್ ನೋಡುವ ಕೆಲಸದಲ್ಲಿ ರಿಯಾಯಿತಿ ಇಲ್ಲ. ನಿಮ್ಮ ಮಾದರಿಯ ಕೈಪಿಡಿಯನ್ನು ಮಗ್ಗುಲಲ್ಲೇ ಬಿಚ್ಚಿಟ್ಟುಕೊಳ್ಳಿ.

ಕಳಚಿದ ಸ್ಲೈಡನ್ನು ಮಗುಚಿ ಹಿಡಿದು ಸ್ಪ್ರಿಂಗನ್ನು ಬಾಯಿಯ ಕಡೆಗೆ ಕೊಂಚ ಒತ್ತಿ ಮೇಲೆತ್ತಿ. ಎತ್ತುವಾಗ ಬೆರಳು ಅದರ ಮೇಲೇ ಇರಲಿ, ಕಣ್ಣಿಗೆ ಕನ್ನಡಕವಿರಲಿ. ಆಮೇಲೆ ನಳಿಗೆಯನ್ನು ಚೂರು ಮುಂದೆ ಸರಿಸಿ, ಹಿಂದಿನಿಂದ ಎತ್ತಿ ತೆಗೆಯಿರಿ.

ಒರೆಸಲು ಬೇಕಾದದ್ದು: 9 ಎಂಎಂ ಅಳತೆಯ ಕಂಚಿನ ಬ್ರಷ್ ಮತ್ತು ಗಜ, ಹಲ್ಲುಜ್ಜುವಂಥ ನೈಲಾನ್ ಬ್ರಷ್, ಮಸಿ ಕರಗಿಸುವ ಗನ್ ಸಾಲ್ವೆಂಟ್, ಗನ್ ಎಣ್ಣೆ, ಬಟ್ಟೆ. ಬಟ್ಟೆಗೆ ಊರಿನಿಂದ ತಂದ ಹಳೆಯ ಹತ್ತಿ ಪಂಚೆಯಂಥದ್ದು ಇನ್ನೊಂದಿಲ್ಲ, ನಾಲ್ಕು ಸೆಂಟಿಮೀಟರ್ ಚೌಕದ ತುಂಡು ಮಾಡಿಟ್ಟುಕೊಳ್ಳಿ. ಸಾಲ್ವೆಂಟಿನಲ್ಲಿ ನೆನೆಸಿದ ತುಂಡನ್ನು ನಳಿಗೆಯೊಳಗೆ ಹಾಯಿಸಿ ಐದು ನಿಮಿಷ ಬಿಡಿ. ಆಮೇಲೆ ಬ್ರಷ್ಷನ್ನು ಚೇಂಬರಿನ ಕಡೆಯಿಂದ ತೂರಿಸಿ ಬಾಯಿಯ ಹೊರಗೆ ಪೂರ್ತಿ ಬರುವಷ್ಟು ತಳ್ಳಿ, ಹತ್ತು ಸಲ. ನಡುದಾರಿಯಲ್ಲಿ ಹಿಂದಕ್ಕೆಳೆದರೆ ಬ್ರಷ್ಷಿನ ಕೂದಲು ಬಗ್ಗಿ ಹಾಳಾಗುತ್ತದೆ. ಬಳಿಕ ಒಣ ಬಟ್ಟೆ, ಕಪ್ಪು ಹೋಗುವವರೆಗೆ. ಹೆಚ್ಚಾಗಿ ಐದಾರು ತುಂಡು ಸಾಕಾಗುತ್ತದೆ.

ಸ್ಲೈಡಿನಲ್ಲಿ ಹೆಚ್ಚು ಮಸಿ ಕೂರುವುದು ತೋಟೆಯ ತಳ ಒರಗುವ ಮುಖದಲ್ಲಿ ಮತ್ತು ಖಾಲಿ ತೋಟೆಯನ್ನು ಎಳೆಯುವ ಕೊಕ್ಕೆಯ ಕೆಳಗೆ. ಕೊಕ್ಕೆಯಡಿಯ ಮಸಿ ಗಟ್ಟಿಯಾದರೆ ಹಿಡಿತ ಸಡಿಲಾಗಿ ಖಾಲಿ ತೋಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಚೂಪು ಮಾಡಿದ ಬಿದಿರ ಕಡ್ಡಿಯಿಂದ ಕೆರೆಯಿರಿ, ಸೂಜಿ ಬೇಡ. ಈ ಕೆಲಸ ಮಾಡುವಾಗ ಸ್ಲೈಡಿನ ಮುಂದಿನ ತುದಿ ಕೆಳಮುಖವಾಗಿರಲಿ. ಆ ಮುಖದ ನಡುವೆ ಸ್ಟ್ರೈಕರ್ (ಪ್ರೈಮರಿಗೆ ಪೆಟ್ಟು ಕೊಡುವ ಮೊಳೆ) ಹೊರಬರುವ ಸಣ್ಣ ತೂತಿದೆ, ಸಾಲ್ವೆಂಟಾಗಲಿ ಎಣ್ಣೆಯಾಗಲಿ ಅದರೊಳಗೆ ಇಳಿಯಬಾರದು. ಇಳಿದರೆ ಒಳಗಿನ ಧೂಳು, ಮಸಿ ಸೇರಿ ಅಂಟಾಗುತ್ತದೆ, ಸ್ಟ್ರೈಕರಿನ ಓಟ ನಿಧಾನವಾಗುತ್ತದೆ, ಪ್ರೈಮರಿಗೆ ಪೆಟ್ಟು ಮೆಲ್ಲಗೆ ಬಿದ್ದು ತೋಟೆ ಹಾರುವುದಿಲ್ಲ.

ಹೊಸ ಗ್ಲಾಕಿನ ಸ್ಲೈಡಿನೊಳಗೆ ತಾಮ್ರದ ಬಣ್ಣದ ಗ್ರೀಸು ಕಾಣುತ್ತದೆ. ಕೊಳೆ ಎಂದುಕೊಂಡು ಉಜ್ಜಿ ತೆಗೆಯುವವರಿದ್ದಾರೆ. ಅದು ಕಾರ್ಖಾನೆಯವರೇ ಹಚ್ಚಿದ್ದು, ಹಾಗೇ ಬಿಡಿ.

ಎಣ್ಣೆಯ ವಿಷಯದಲ್ಲಿ ಕೈ ಬಿಗಿಯಿರಬೇಕು. ಸ್ಲೈಡಿನ ಎರಡು ಹಳಿಗೆ ಒಂದೊಂದು ಹನಿ, ನಳಿಗೆಯ ಹೊರಮೈಗೆ ಬಟ್ಟೆಯಲ್ಲಿ ಸವರಿದಷ್ಟು, ಫ್ರೇಮಿನ ಹಿಂದೆ ಬಲಮೂಲೆಯಲ್ಲಿ ಟ್ರಿಗರಿನ ಸರಳು ಕನೆಕ್ಟರೆಂಬ ಪುಟ್ಟ ಲೋಹದ ತಗಡಿಗೆ ತಾಗುವಲ್ಲಿ ಒಂದು ಹನಿ. ಅಷ್ಟೇ. ನಳಿಗೆಯ ಒಳಗೆ, ಚೇಂಬರಿನಲ್ಲಿ, ಮ್ಯಾಗಜಿನ್ನಿನಲ್ಲಿ ಎಣ್ಣೆ ಬೇಡವೇ ಬೇಡ. ಎಣ್ಣೆ ತೋಟೆಯ ಪ್ರೈಮರಿನೊಳಗೆ ಇಳಿದರೆ ತೋಟೆ ಸತ್ತುಹೋಗಬಹುದು.

ಊರಿನ ಸಲಹೆಗೆ ಬರೋಣ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಬಿಸಿನೀರು ಹೊಯ್ಯುವುದು ಸರಿಯಾದ ಕ್ರಮವೇ. ಅದರ ಕರಿಮದ್ದು ಉರಿದ ಮೇಲೆ ಉಳಿಯುವುದು ಉಪ್ಪಿನ ಜಾತಿಯ ಕಿಟ್ಟ. ಅದು ಗಾಳಿಯ ತೇವ ಹೀರಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ತರುತ್ತದೆ, ನೀರಿಗೆ ಮಾತ್ರ ಕರಗುತ್ತದೆ. ಈಗಿನ 9 ಎಂಎಂ ತೋಟೆಯಲ್ಲಿರುವುದು ಹೊಗೆಯಿಲ್ಲದ ಪುಡಿ, ಅದರ ಮಸಿಗೆ ಸಾಲ್ವೆಂಟೇ ಮದ್ದು. ನೀರು ಹೊಯ್ದರೆ ಸ್ಪ್ರಿಂಗಿನ ಸುರುಳಿ, ಸ್ಟ್ರೈಕರಿನ ಓಣಿಯೊಳಗೆ ನಿಂತು ಒಣಗದೆ ಹೊಸ ತುಕ್ಕಿಗೆ ದಾರಿ. ತೆಂಗಿನೆಣ್ಣೆಯೋ, ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಾಗಿಯ ಬೆಳಗ್ಗೆ ಶಿರಸಿಯಲ್ಲಿ ಶೀಶೆಯನ್ನು ಒಲೆಯ ಬುಡದಲ್ಲಿಟ್ಟು ಕರಗಿಸಿಕೊಳ್ಳುವ ಎಣ್ಣೆ ಅದು. ಕೂದಲೆಳೆಯ ಸಂದಿನಲ್ಲಿ ಜಾರಬೇಕಾದ ಭಾಗಗಳ ನಡುವೆ ಹಾಗೆ ಹೆಪ್ಪುಗಟ್ಟಿದರೆ ಸ್ಲೈಡ್ ಪೂರ್ತಿ ಮುಂದೆ ಬಂದು ಕೂರುವುದಿಲ್ಲ.

ಜೋಡಿಸುವಾಗ ಕ್ರಮ ಉಲ್ಟಾ: ನಳಿಗೆ, ಆಮೇಲೆ ಸ್ಪ್ರಿಂಗ್. ನಳಿಗೆಯ ಕೆಳಗಿನ ದಪ್ಪ ಗಂಟಿನಲ್ಲಿ ಅರ್ಧಚಂದ್ರದಂಥ ಕಚ್ಚು ಇದೆ, ಸ್ಪ್ರಿಂಗಿನ ಹಿಂದಿನ ಬಿಲ್ಲೆ ಸರಿಯಾಗಿ ಆ ಕಚ್ಚಿನಲ್ಲೇ ಕೂರಬೇಕು. ಸ್ವಲ್ಪ ಮೇಲೋ ಓರೆಯಾಗಿಯೋ ಕೂತರೆ ಸ್ಲೈಡ್ ಅರ್ಧಕ್ಕೇ ಬಿಗಿದು ನಿಲ್ಲುತ್ತದೆ. ಫ್ರೇಮಿನ ನಾಲ್ಕು ಲೋಹದ ಹಲ್ಲುಗಳನ್ನು ಸ್ಲೈಡಿನ ಹಳಿಗೆ ಹೊಂದಿಸಿ ಹಿಂದಕ್ಕೆಳೆದರೆ ಪಟ್ಟಿ ತಾನೇ ಮೇಲೆದ್ದು ಹಿಡಿಯುತ್ತದೆ. ಪರೀಕ್ಷೆಗೆ ಖಾಲಿ ಪಿಸ್ತೂಲಿನ ಸ್ಲೈಡನ್ನು ಎಳೆದು ಬಿಡಿ, ಟ್ರಿಗರ್ ಎಳೆದು ಹಾಗೇ ಹಿಡಿದುಕೊಳ್ಳಿ, ಇನ್ನೊಮ್ಮೆ ಸ್ಲೈಡ್ ಎಳೆದು ಬಿಡಿ, ಈಗ ಟ್ರಿಗರನ್ನು ಮೆಲ್ಲಗೆ ಬಿಟ್ಟರೆ ಕ್ಲಿಕ್ ಎಂದು ಮುಂದೆ ಬರಬೇಕು. ಖಾಲಿ ಮ್ಯಾಗಜಿನ್ ಹಾಕಿ ಎಳೆದಾಗ ಸ್ಲೈಡ್ ಹಿಂದೆ ನಿಲ್ಲಬೇಕು. ಇವೆರಡರಲ್ಲಿ ಒಂದು ಆಗದಿದ್ದರೂ ತೋಟೆ ತುಂಬಬೇಡಿ.

ಗಲ್ಫ್ ತೀರದ ಗಾಳಿ ಕಾರವಾರದ್ದೇ: ಉಪ್ಪು, ಸೆಕೆ, ಬೆವರು. ಫ್ರೇಮ್ ಪ್ಲಾಸ್ಟಿಕ್ ಆದ್ದರಿಂದ ತುಕ್ಕು ಹಿಡಿಯದು, ಆದರೆ ಸ್ಪ್ರಿಂಗ್, ಪಿನ್ನು ಉಕ್ಕಿನದೇ. ಎಸಿ ಕಾರಿನಿಂದ ಇಳಿದೊಡನೆ ಕನ್ನಡಕಕ್ಕೆ ಮಂಜು ಕಟ್ಟುವ ಹಾಗೆ ಸ್ಲೈಡಿಗೂ ಕಟ್ಟುತ್ತದೆ, ಅದನ್ನು ಒರೆಸದೆ ಚರ್ಮದ ಹೋಲ್‌ಸ್ಟರಿನೊಳಗೆ ದಿನಗಟ್ಟಲೆ ಇಟ್ಟರೆ ಚರ್ಮ ತೇವ ಹಿಡಿದಿಟ್ಟು ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ. ಊರಿನ ಕೋವಿಗೂ ಇದೇ ಮಾತು, ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಕಟ್ಟಿಡಬೇಡಿ. ಆಯುಧ ಪೂಜೆಗೆ ಹಚ್ಚಿದ ಒದ್ದೆ ಗಂಧ, ಕುಂಕುಮವನ್ನು ಆರತಿ ಆದ ಮೇಲೆ ಒರೆಸಿ, ಆ ಜಾಗಕ್ಕೆ ಎಣ್ಣೆಯ ಬಟ್ಟೆ ಸವರಿ.

ಮಸಿಯಲ್ಲಿ ಸೀಸವಿದೆ, ಗುಂಡಿನದೂ ಪ್ರೈಮರಿನದೂ. ಊಟದ ಮೇಜು, ಅಡುಗೆಮನೆ ಕಟ್ಟೆ ಈ ಕೆಲಸಕ್ಕೆ ಬೇಡ. ನೈಟ್ರೈಲ್ ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಮುಗಿದ ಮೇಲೆ ತಣ್ಣೀರು, ಸೋಪಿನಲ್ಲಿ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಿ.

ಆರು ತಿಂಗಳಿಗೆಂದು ಬರುವ ಅಪ್ಪ, ಆಯಿಯವರಿಗೆ ಒಂದು ವಿಷಯ ತಿಳಿದಿರಲಿ. ಪ್ರವಾಸಿ ವೀಸಾ, ವಿದ್ಯಾರ್ಥಿ ವೀಸಾ, ಎಚ್-1ಬಿ, ಇವುಗಳಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಇಲ್ಲಿಯ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಮಗನ ಪಿಸ್ತೂಲನ್ನು ಒರೆಸಿಕೊಡಲೆಂದು ಅಪ್ಪ ಕೈಗೆತ್ತಿಕೊಳ್ಳುವುದೂ ಬೇಡ. ಇನ್ನು ರಜೆಗೆ ಊರಿಗೆ ಹೊರಡುವವರು, ಶೂಟಿಂಗ್ ರೇಂಜಿಗೆ ಒಯ್ಯುತ್ತಿದ್ದ ಚೀಲದಲ್ಲಿ ಬಟ್ಟೆ ತುಂಬಬೇಡಿ. ಹೊಲಿಗೆಯ ಸಂದಿನಲ್ಲಿ ಉಳಿದ ಒಂದೇ ಒಂದು ತೋಟೆ ಗೋವಾ, ಬೆಂಗಳೂರು ವಿಮಾನ ನಿಲ್ದಾಣದ ಎಕ್ಸ್-ರೇಯಲ್ಲಿ ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೇಸಾಗುತ್ತದೆ. ಬೇರೆ ಚೀಲವೇ ಇಲ್ಲವೆಂದರೆ ಜೇಬುಗಳನ್ನೆಲ್ಲ ಒಳಗು ಹೊರಗು ಮಾಡಿ, ತಳದ ಹಲಗೆ ಎತ್ತಿ, ಹೊಲಿಗೆಗುಂಟ ಬೆರಳಾಡಿಸಿ ನೋಡಿ.